ಉಂಡ ಮನೆಯ ಜಂತಿ ಎಣಿಸುವ ವೈರಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬಿನ ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ ಮೇಲೆ ನನಗೆ ಎರಡು ಕಡೆಯಿಂದ ಪ್ರಶ್ನೆ ಬರುತ್ತವೆ. ಬಿಎಸ್ಸಿ ಮಕ್ಕಳು ಕೇಳುವುದು: "ಸರ್, ಜಾಕ್-ಸ್ಟ್ಯಾಟ್ ಎಕ್ಸಾಮಿಗೆ ಬರುತ್ತಾ?" (ಕೋಶದೊಳಗೆ ಸುದ್ದಿ ಸಾಗುವ ಒಂದು ದಾರಿಯ ಹೆಸರು ಅದು.) ಊರಿಂದ ಫೋನ್ ಮಾಡುವ ನೆಂಟರು ಕೇಳುವುದು: "ಕಣ್ಣಿಗೇ ಕಾಣದ ವೈರಸ್ಸು ಇಷ್ಟು ದೊಡ್ಡ ಆಳನ್ನ ಹೆಂಗೆ ಮಲಗಿಸ್ತದೆ ಮಾರಾಯ?" ಎರಡನೆಯದಕ್ಕೆ ಸರಿಯಾಗಿ ಉತ್ತರ ಹೇಳಿದರೆ ಮೊದಲನೆಯದೂ ಅದರೊಳಗೇ ಬಂದುಬಿಡುತ್ತದೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಕಂಡದ್ದು ಅಲ್ಲೇ. ಹಾಗಾಗಿ ಅದರ ಮಾತು ಮತ್ತೆ ಮತ್ತೆ ಬಂದರೆ ಸಹಿಸಿಕೊಳ್ಳಿ.

ಜೀವಕೋಶದ ಸಿಗ್ನಲಿಂಗ್ ಅಂದರೇನು? ವೈರೂ ಇಲ್ಲ, ಕರೆಂಟೂ ಇಲ್ಲ, ಸುದ್ದಿ ಹೇಗೆ ಹೋಗುತ್ತದೆ?

ಒಂದು ಪ್ರೋಟೀನ್ ಇನ್ನೊಂದನ್ನು ಮುಟ್ಟುತ್ತದೆ, ಮುಟ್ಟಿಸಿಕೊಂಡದ್ದರ ಆಕಾರ ಸ್ವಲ್ಪ ಬದಲಾಗುತ್ತದೆ, ಆಕಾರ ಬದಲಾದದ್ದು ಮೂರನೆಯದನ್ನು ಹಿಡಿಯುತ್ತದೆ. ಸುದ್ದಿ ಹೋಗುವುದು ಹೀಗೆ, ಕೈಯಿಂದ ಕೈಗೆ. ಮುಟ್ಟಿದ ಗುರುತಿಗೆ ಹೆಚ್ಚಾಗಿ ಒಂದು ಫಾಸ್ಫೇಟ್ ಅಂಟಿಸಲಾಗುತ್ತದೆ. ಅಂಟಿಸುವ ಕೆಲಸದ ಪ್ರೋಟೀನಿಗೆ ಕೈನೇಸ್ ಎನ್ನುತ್ತಾರೆ. ಕೋಶದ ಹೊರಮೈಯಲ್ಲಿರುವ ರಿಸೆಪ್ಟರ್ ಹೊರಗಿನ ಸುದ್ದಿಯನ್ನು ಹಿಡಿದರೆ, ಆ ಸುದ್ದಿ ಇಂಥ ಕೈಗಳನ್ನು ದಾಟಿ ನ್ಯೂಕ್ಲಿಯಸ್ಸಿಗೆ ತಲುಪಿ, ಅಲ್ಲಿ ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನವಾಗುತ್ತದೆ. ಬೆಳೆಯಬೇಕೋ ಬೇಡವೋ, ವಿಭಜನೆಯಾಗಬೇಕೋ, ಸಾಯಬೇಕೋ, ಪಕ್ಕದ ಕೋಶಕ್ಕೆ ಎಚ್ಚರಿಕೆ ಕೊಡಬೇಕೋ, ಎಲ್ಲವೂ ಇದೇ ದಾರಿಯಲ್ಲಿ.

ವೈರಸ್ಸಿನ ಹತ್ತಿರ ಎಷ್ಟು ಪ್ರೋಟೀನ್ ಇರುತ್ತವೆ?

ಮಂಗನ ಕಾಯಿಲೆಯ ವೈರಸ್ಸಿನ ಆರ್‌ಎನ್‌ಎ ಸುಮಾರು 11,000 ಅಕ್ಷರದ ಒಂದೇ ಎಳೆ. ಅದರಿಂದ ತಯಾರಾಗುವುದು ಹತ್ತು ಪ್ರೋಟೀನ್. ಮೂರು ವೈರಸ್ಸಿನ ಮೈ ಕಟ್ಟುತ್ತವೆ; ಉಳಿದ ಏಳು ಕೋಶದೊಳಗೆ ಕೆಲಸ ಮಾಡುತ್ತವೆ, ಅವಕ್ಕೆ ಎನ್‌ಎಸ್ ಎಂಬ ಹೆಸರು. ಡೆಂಗ್ಯೂ, ಝೀಕಾ, ಹಳದಿ ಜ್ವರ ಎಲ್ಲ ಇದೇ ಫ್ಲೇವಿವೈರಸ್ ಕುಲದವು, ಅವುಗಳ ಲೆಕ್ಕವೂ ಹತ್ತೇ. ನಮ್ಮ ಕಡೆ ಪ್ರೋಟೀನಿನ ಜೀನ್‌ಗಳೇ ಸುಮಾರು 20,000.

ಇಪ್ಪತ್ತು ಸಾವಿರದ ಎದುರು ಹತ್ತು. ಎದುರಾಎದುರು ಕುಸ್ತಿಗೆ ನಿಂತು ಗೆಲ್ಲುವ ಲೆಕ್ಕವೇ ಅಲ್ಲ ಇದು. ಆದ್ದರಿಂದ ವೈರಸ್ಸಿನ ಪ್ರೋಟೀನುಗಳು ಮನೆಯ ತುಂಬ ಓಡಾಡುವುದಿಲ್ಲ. ಸುದ್ದಿ ಹಾದುಹೋಗುವ ಇಕ್ಕಟ್ಟಿನ ಜಾಗ ಎಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತವೆ. ಅದೂ ಒಂದೊಂದು ಪ್ರೋಟೀನ್ ಎರಡು ಮೂರು ಕೆಲಸ ಹೊತ್ತುಕೊಂಡು.

ಇಂಟರ್‌ಫೆರಾನ್ ಎಂಬ ಹೆಸರು ಪದೇ ಪದೇ ಕೇಳುತ್ತೇವೆ. ಅದೇನು?

1957ರಲ್ಲಿ ಎರಡು ಘಟನೆ ನಡೆದವು. ಒಂದು, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಸುತ್ತಲ ಊರಿನವರಿಗೆ ಜ್ವರ ಬಂತು. ಪುಣೆಯಿಂದ ಬಂದ ತಂಡ ಹೊಸ ವೈರಸ್ಸನ್ನು ಗುರುತಿಸಿತು. ಅದೇ ವರ್ಷ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಎಂಬಿಬ್ಬರು ಕೋಳಿಮೊಟ್ಟೆಯ ಒಳಪೊರೆಯ ಚೂರುಗಳ ಮೇಲೆ, ಕಾಯಿಸಿ ಸಾಯಿಸಿದ ಫ್ಲೂ ವೈರಸ್ಸನ್ನು ಹಾಕಿಟ್ಟರು. ಪೊರೆ ನೆನೆದಿದ್ದ ನೀರನ್ನು ತೆಗೆದು ಹೊಸ ಪೊರೆಗೆ ಹಾಕಿದಾಗ, ಆ ಹೊಸ ಪೊರೆಯಲ್ಲಿ ಜೀವಂತ ವೈರಸ್ಸೂ ಬೆಳೆಯಲಿಲ್ಲ. ನೀರಿನಲ್ಲಿ ಏನೋ ಇತ್ತು. ವೈರಸ್ಸಿಗೆ ಅಡ್ಡಬರುವುದು ಎಂಬ ಅರ್ಥದಲ್ಲಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಈ ಎರಡು ಸಂಗತಿಗಳಿಗೆ ಆಗ ಪರಸ್ಪರ ಪರಿಚಯವಿರಲಿಲ್ಲ. ಈಗ ಒಂದರ ಕಥೆ ಹೇಳಲು ಇನ್ನೊಂದು ಬೇಕೇ ಬೇಕು.

ವೈರಸ್ ಹೊಕ್ಕ ಕೋಶ ಮೊದಲು ಪರದೇಶಿ ಆರ್‌ಎನ್‌ಎಯನ್ನು ಪತ್ತೆ ಹಚ್ಚುತ್ತದೆ. ಪತ್ತೆಯಾದೊಡನೆ ಇಂಟರ್‌ಫೆರಾನನ್ನು ಹೊರಗೆ ಸುರಿಯುತ್ತದೆ. ಇದು ಬೀದಿಯಲ್ಲಿ ಡಂಗುರ ಹೊಡೆದಂತೆ; ತನ್ನ ಮನೆಗೆ ಕಳ್ಳ ಬಂದದ್ದನ್ನು ಅಕ್ಕಪಕ್ಕಕ್ಕೆ ಸಾರುವುದು. ಪಕ್ಕದ ಕೋಶದ ಮೇಲಿನ ರಿಸೆಪ್ಟರ್ ಅದನ್ನು ಹಿಡಿಯುತ್ತದೆ. ರಿಸೆಪ್ಟರಿನ ಒಳತುದಿಯಲ್ಲಿ ಜಾಕ್ ಬಳಗದ ಎರಡು ಕೈನೇಸ್‌ಗಳು ಕಾಯುತ್ತಿರುತ್ತವೆ, ಜಾಕ್1 ಮತ್ತು ಟಿಕ್2. ಅವು ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಎರಡು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಅವೆರಡೂ ಜೋಡಿಯಾಗಿ, ಐಆರ್‌ಎಫ್9 ಎಂಬ ಮೂರನೆಯದನ್ನು ಜೊತೆಗೆ ಕರೆದುಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ. ಆ ಜೀನ್‌ಗಳಿಂದ ಬರುವ ಪ್ರೋಟೀನುಗಳಲ್ಲಿ ಕೆಲವು, ವೈರಸ್ಸಿನ ಆರ್‌ಎನ್‌ಎ ಕತ್ತರಿಸುತ್ತವೆ, ಕೆಲವು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಇಂಟರ್‌ಫೆರಾನ್ ತಾಗಿ ಅರ್ಧ ಗಂಟೆಯೊಳಗೆ ಸ್ಟ್ಯಾಟ್ ನ್ಯೂಕ್ಲಿಯಸ್ ತಲುಪಿರುತ್ತದೆ.

ಹೌದು, ಎಕ್ಸಾಮಿಗೆ ಬರುತ್ತದೆ. ಜಾಕ್ ಎಂಬ ಹೆಸರಿಗೆ ಎರಡು ಮುಖದ ರೋಮನ್ ದೇವರು ಜೇನಸ್ ಕಾರಣ ಎಂದು ಪುಸ್ತಕದಲ್ಲಿದೆ. "ಇದೂ ಒಂದು ಕೈನೇಸ್, ಅಷ್ಟೇ" ಎನ್ನುವುದರ ಇಂಗ್ಲಿಷ್ ಮೊದಲಕ್ಷರಗಳು ಎಂಬ ಲ್ಯಾಬಿನ ತಮಾಷೆ ನನಗೆ ಹೆಚ್ಚು ಇಷ್ಟ.

ಹಾಗಿದ್ದರೆ ವೈರಸ್ ಈ ದಾರಿಯಲ್ಲಿ ಎಲ್ಲಿ ಕೈ ಹಾಕುತ್ತದೆ?

ಫ್ಲೇವಿವೈರಸ್‌ಗಳಲ್ಲಿ ಮುಖ್ಯ ಪಾತ್ರ ಎನ್‌ಎಸ್5 ಎಂಬ ಪ್ರೋಟೀನಿನದು. ಹತ್ತರಲ್ಲಿ ಎಲ್ಲಕ್ಕಿಂತ ದೊಡ್ಡದು, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಎಣಿಸಿದರೆ ಸುಮಾರು 900ರ ಉದ್ದ. ಅದರ ಅಧಿಕೃತ ಉದ್ಯೋಗ ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡುವುದು. ನಕಲು ಮಾಡುವ ಗುಮಾಸ್ತನೇ ಬಿಡುವಿನಲ್ಲಿ ಹೋಗಿ ಟೆಲಿಫೋನ್ ತಂತಿ ಕತ್ತರಿಸಿ ಬರುತ್ತಾನೆ ಎಂದಿಟ್ಟುಕೊಳ್ಳಿ.

ಡೆಂಗ್ಯೂವಿನ ಎನ್‌ಎಸ್5 ನೇರವಾಗಿ ಸ್ಟ್ಯಾಟ್2ನ್ನು ಹಿಡಿಯುತ್ತದೆ. ಹಿಡಿದು ತಾನೇ ನಾಶ ಮಾಡುವುದಿಲ್ಲ, ಅದಕ್ಕೆ ಹಲ್ಲಿಲ್ಲ. ನಮ್ಮ ಕೋಶದಲ್ಲೇ ಕೆಲಸಕ್ಕೆ ಬಾರದ ಪ್ರೋಟೀನುಗಳನ್ನು ಒಡೆಯುವ ಪ್ರೋಟಿಯಾಸೋಮ್ ಎಂಬ ವ್ಯವಸ್ಥೆ ಇದೆ. ಯಾವುದನ್ನು ಒಡೆಯಬೇಕೋ ಅದಕ್ಕೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸಲಾಗುತ್ತದೆ. ಎನ್‌ಎಸ್5 ಈ ಚೀಟಿ ಅಂಟಿಸುವ ಯುಬಿಆರ್4 ಎಂಬ ನಮ್ಮದೇ ಪ್ರೋಟೀನನ್ನು ಕರೆತಂದು ಸ್ಟ್ಯಾಟ್2ರ ಪಕ್ಕ ನಿಲ್ಲಿಸುತ್ತದೆ. ಒಳ್ಳೆಯ ಸ್ಟ್ಯಾಟ್2 ಕಸದ ಗಾಡಿಗೆ ಬೀಳುತ್ತದೆ. ಕಸದ ಗಾಡಿಯೂ ನಮ್ಮದೇ. ಉಂಡ ಮನೆಯ ಜಂತಿ ಎಣಿಸುವುದು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇದನ್ನು ಕಣ್ಣಿಂದ ನೋಡಬಹುದು. ವೆಸ್ಟರ್ನ್ ಬ್ಲಾಟ್ ಮಾಡುತ್ತೇವೆ: ಕೋಶಗಳನ್ನು ಒಡೆದು, ರಸವನ್ನು ಜೆಲ್‌ನಲ್ಲಿ ಓಡಿಸಿ, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ, ತೆಳು ಪೊರೆಗೆ ಇಳಿಸಿ, ನಮಗೆ ಬೇಕಾದ ಪ್ರೋಟೀನನ್ನಷ್ಟೇ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ. ಮೊದಲ ಸಾಲಿನಲ್ಲಿ ಮಾಮೂಲಿ ಕೋಶ: 113 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಗುರುತಿನ ಹತ್ತಿರ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಅದು ಸ್ಟ್ಯಾಟ್2. ಎರಡನೆಯದರಲ್ಲಿ ಡೆಂಗ್ಯೂ ಸೋಂಕಿದ ಕೋಶ: ಅದೇ ಜಾಗದಲ್ಲಿ ಒರೆಸಿದ ಹಾಗೆ ಬೂದು ನೆರಳು. ಮೂರನೆಯದರಲ್ಲಿ ಸೋಂಕಿದ ಕೋಶವೇ, ಆದರೆ ಪ್ರೋಟಿಯಾಸೋಮನ್ನು ಕಟ್ಟಿಹಾಕುವ ಔಷಧ ಬೆರೆಸಿದ್ದು: ಗೆರೆ ಮತ್ತೆ ಬಂದಿರುತ್ತದೆ. ಕೆಳಗೆ, ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಎಂಬ ಪ್ರೋಟೀನಿನ ಗೆರೆ ಮೂರರಲ್ಲೂ ಸಮನಾಗಿರಬೇಕು, ಇಲ್ಲದಿದ್ದರೆ ನೀವು ಹಾಕಿದ ರಸವೇ ಹೆಚ್ಚು ಕಡಿಮೆ ಎಂದರ್ಥ, ನಾಳೆ ಮತ್ತೆ ಮಾಡಬೇಕು. ನಾನು ಎಷ್ಟು ನಾಳೆಗಳನ್ನು ಹೀಗೆ ಕಳೆದಿದ್ದೇನೆಂದು ಮನೆಯವರನ್ನು ಕೇಳಿ.

ಮಂಗನ ಕಾಯಿಲೆ ವೈರಸ್ಸೂ ಹೀಗೇ ಮಾಡುತ್ತದೆಯೇ?

ಅದರ ಎನ್‌ಎಸ್5 ಕೂಡ ಇಂಟರ್‌ಫೆರಾನಿನ ಸುದ್ದಿಯನ್ನು ಅಡಗಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಉಣುಗಿನಿಂದ ಹರಡುವ ಫ್ಲೇವಿವೈರಸ್‌ಗಳು ಒಂದು ಗುಂಪು, ಸೊಳ್ಳೆಯಿಂದ ಹರಡುವವು ಇನ್ನೊಂದು. ಉಣುಗಿನ ಗುಂಪಿನ ಲಂಗಾಟ್ ವೈರಸ್ ಮತ್ತು ಯುರೋಪು-ರಷ್ಯಾಗಳ ಮಿದುಳುಜ್ವರದ ವೈರಸ್‌ಗಳಲ್ಲಿ ಎನ್‌ಎಸ್5 ಇನ್ನೂ ಮೇಲಿನ ಮೆಟ್ಟಿಲಲ್ಲೇ ಕೈ ಹಾಕುತ್ತದೆ: ಇಂಟರ್‌ಫೆರಾನ್ ರಿಸೆಪ್ಟರ್ ಕೋಶದ ಹೊರಮೈಗೆ ಬಂದು ನಿಲ್ಲದಂತೆ ನೋಡಿಕೊಳ್ಳುತ್ತದೆ. ರಿಸೆಪ್ಟರ್ ಪಕ್ವವಾಗಲು ಪ್ರೋಲಿಡೇಸ್ ಎಂಬ ಕಿಣ್ವ ಬೇಕು. ಎನ್‌ಎಸ್5 ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಇದು ಗೊತ್ತಾದದ್ದು 2015ರಲ್ಲಿ. ಅಲ್ಲಿಯವರೆಗೆ ಪ್ರೋಲಿಡೇಸಿಗೂ ಇಂಟರ್‌ಫೆರಾನಿಗೂ ಸಂಬಂಧವಿದೆ ಎಂದು ಯಾರೂ ಊಹಿಸಿರಲಿಲ್ಲ.

ಒಂದೇ ಹೆಸರಿನ ಪ್ರೋಟೀನ್, ಒಂದೇ ಗುರಿ, ದಾರಿ ಮಾತ್ರ ಬೇರೆ ಬೇರೆ. ಡೆಂಗ್ಯೂಗೆ ಕಂಡುಹಿಡಿದ ಮದ್ದು ಮಂಗನ ಕಾಯಿಲೆಗೂ ಆಗಬಹುದಲ್ಲ ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಡೆಂಗ್ಯೂ ರಿಪೋರ್ಟಿನಲ್ಲಿ "ಎನ್‌ಎಸ್1 ಪಾಸಿಟಿವ್" ಎಂದಿದೆ. ಇದೂ ಆ ಬಳಗದ್ದೇ?

ಅದೇ ಬಳಗ. ಸೋಂಕಿದ ಕೋಶಗಳು ಎನ್‌ಎಸ್1ನ್ನು ರಕ್ತಕ್ಕೆ ಸುರಿಯುತ್ತವೆ, ಅದಕ್ಕೇ ಜ್ವರದ ಮೊದಲ ದಿನಗಳಲ್ಲೇ ಪರೀಕ್ಷೆಗೆ ಸಿಗುತ್ತದೆ. ಒಂದು ವಾರ ಕಳೆದು ಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬರಬಹುದು; ಆಗ ನೋಡಬೇಕಾದದ್ದು ಐಜಿಎಂ, ಅಂದರೆ ಸೋಂಕಿಗೆ ಪ್ರತಿಯಾಗಿ ಮೈ ತಯಾರಿಸುವ ಒಂದು ಬಗೆಯ ಆಂಟಿಬಾಡಿ. ಎಷ್ಟೋ ಕಾಲ ಎನ್‌ಎಸ್1 ಬರೀ ಗುರುತು ಎಂದುಕೊಂಡಿದ್ದೆವು. ಅದು ಸ್ವತಃ ತಂಟೆಕೋರ ಎಂದು 2015-16ರಲ್ಲಿ ತಿಳಿಯಿತು: ಬ್ಯಾಕ್ಟೀರಿಯಾ ಪತ್ತೆಗೆಂದು ನಮ್ಮ ಕೋಶಗಳ ಮೇಲಿರುವ ಟಿಎಲ್‌ಆರ್4 ಎಂಬ ರಿಸೆಪ್ಟರನ್ನು ಕೆಣಕಿ ಉರಿಯೂತದ ಸುದ್ದಿ ಎಬ್ಬಿಸುತ್ತದೆ, ರಕ್ತನಾಳದ ಒಳಗೋಡೆಯ ಸಕ್ಕರೆಯ ಲೇಪವನ್ನು ಸವೆಸುತ್ತದೆ. ಡೆಂಗ್ಯೂನಲ್ಲಿ ಜ್ವರ ಇಳಿದ ಮೇಲೆ ರಕ್ತನಾಳಗಳಿಂದ ನೀರು ಸೋರಿ ಬಿಪಿ ಕುಸಿಯುತ್ತದಲ್ಲ, ಅದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಅದಕ್ಕೇ "ಜ್ವರ ಬಿಟ್ಟಿತು, ಮನೆಗೆ ಹೋಗೋಣ" ಎನ್ನುವವರನ್ನು ಡಾಕ್ಟರು ಇನ್ನೆರಡು ದಿನ ಕಾದು ನೋಡಲು ಹೇಳುವುದು. ಪ್ಲೇಟ್‌ಲೆಟ್ ಎಷ್ಟು ಎಂದು ಮಾತ್ರ ಕೇಳುವ ನಮ್ಮ ಅಭ್ಯಾಸ ಪೂರ್ತಿ ಸರಿಯಲ್ಲ.

ಲ್ಯಾಬಿನ ಇಲಿಗೆ ಡೆಂಗ್ಯೂ ಬರುವುದಿಲ್ಲವಂತೆ. ಯಾಕೆ?

ಡೆಂಗ್ಯೂವಿನ ಎನ್‌ಎಸ್5 ಮನುಷ್ಯರ ಸ್ಟ್ಯಾಟ್2ನ್ನು ಹಿಡಿಯುತ್ತದೆ, ಇಲಿಯದು ಕೈಗೆ ಸಿಗುವುದಿಲ್ಲ. ಅಲ್ಲಿ ಅಮೈನೋ ಆಮ್ಲಗಳು ಬೇರೆ. ಡೆಂಗ್ಯೂವಿನದೇ ಇನ್ನೊಂದು ಕತ್ತರಿ, ಎನ್‌ಎಸ್2ಬಿ-3, ಮನುಷ್ಯರ ಸ್ಟಿಂಗ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಕತ್ತರಿಸುತ್ತದೆ, ಇಲಿಯ ಸ್ಟಿಂಗನ್ನು ಕತ್ತರಿಸಲಾರದು. ತಂತಿ ಕತ್ತರಿಸಲಾಗದ ಮನೆಯಲ್ಲಿ ಕಳ್ಳ ಉಳಿಯುವುದಿಲ್ಲ. ಹಾಗಾಗಿ ಡೆಂಗ್ಯೂ ಸಂಶೋಧನೆಗೆ ಇಂಟರ್‌ಫೆರಾನ್ ರಿಸೆಪ್ಟರನ್ನೇ ತೆಗೆದುಹಾಕಿದ ಇಲಿಗಳನ್ನು ಬಳಸುತ್ತಾರೆ. ಮಂಗನ ಕಾಯಿಲೆಯ ವೈರಸ್ಸಿಗೆ ಈ ಕಷ್ಟವಿಲ್ಲ, ಮಾಮೂಲಿ ಇಲಿಗಳಿಗೂ ತಗಲುತ್ತದೆ. ಕಾಡಿನಲ್ಲಿ ಮರಿ ಉಣುಗುಗಳು ರಕ್ತ ಹೀರುವುದೇ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಿಂದ. ಅಲ್ಲಿ ಬದುಕಲು ಕಲಿತ ವೈರಸ್ ಅದು.

ಇಂಟರ್‌ಫೆರಾನ್ ಅಷ್ಟು ಒಳ್ಳೆಯದಾದರೆ ಇಂಜೆಕ್ಷನ್ ಕೊಟ್ಟುಬಿಡಬಾರದೇ?

ಕೊಟ್ಟಿದ್ದಾರೆ. ಹೆಪಟೈಟಿಸ್ ಬಿ ಮತ್ತು ಸಿಗೆ ವರ್ಷಗಟ್ಟಲೆ ಅದೇ ಚಿಕಿತ್ಸೆಯಾಗಿತ್ತು. ತೆಗೆದುಕೊಂಡವರು ಜ್ವರ, ಮೈಕೈ ನೋವು, ಮಂಕು, ಕೆಲವರಿಗೆ ಖಿನ್ನತೆ ಎಂದು ಒದ್ದಾಡಿದರು. ಫ್ಲೂ ಬಂದಾಗ ನಮ್ಮ ಮೈ ಮುರಿದಂತಾಗುವುದಕ್ಕೆ ವೈರಸ್ಸಿಗಿಂತ ಹೆಚ್ಚಾಗಿ ನಮ್ಮದೇ ಇಂಟರ್‌ಫೆರಾನ್ ಮತ್ತು ಅದರ ಜೊತೆಗಾರರು ಕಾರಣ. ಹೆಪಟೈಟಿಸ್ ಸಿಗೆ ನೇರವಾಗಿ ವೈರಸ್ಸನ್ನೇ ಹೊಡೆಯುವ ಮಾತ್ರೆಗಳು 2011ರಿಂದ ಬರತೊಡಗಿದವು, 2013ರ ನಂತರ ಇಂಟರ್‌ಫೆರಾನ್ ಹಿಂದೆ ಸರಿಯಿತು.

ಇನ್ನೊಂದು ತೊಂದರೆ ಸಮಯದ್ದು. ವೈರಸ್ ಆಗಲೇ ತಂತಿ ಕತ್ತರಿಸಿದ ಕೋಶದ ಹೊರಗೆ ನಿಂತು ನೀವೆಷ್ಟು ಡಂಗುರ ಹೊಡೆದರೂ ಒಳಗೆ ಕೇಳಿಸುವುದಿಲ್ಲ. ಸೋಂಕು ತಗಲದ ಕೋಶಗಳಿಗೆ ಮಾತ್ರ ಅದರಿಂದ ಪ್ರಯೋಜನ, ಅದೂ ಮೊದಲೇ ಸಿಕ್ಕರೆ. ಕೋವಿಡ್ ಕಾಲದಲ್ಲಿ ಇದು ಎರಡೂ ದಿಕ್ಕಿನಿಂದ ಕಾಣಿಸಿತು. ತೀರಾ ಗಂಭೀರ ಸ್ಥಿತಿಗೆ ಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ರಕ್ತದಲ್ಲಿ, ಅವರದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಆಂಟಿಬಾಡಿಗಳಿದ್ದವೆಂದು 2020ರಲ್ಲಿ ಗೊತ್ತಾಯಿತು. ಮೊದಲ ದಿನಗಳಲ್ಲಿ ಡಂಗುರವೇ ಮೊಳಗಿರಲಿಲ್ಲ. ಅದೇ ಕಾಯಿಲೆಯ ಕೊನೆಯ ಹಂತದಲ್ಲಿ ಡಂಗುರ ನಿಲ್ಲದೆ ಶ್ವಾಸಕೋಶ ಹಾಳಾಗುವಾಗ, ಜಾಕ್ ಕೈನೇಸನ್ನೇ ಅಡಗಿಸುವ ಬ್ಯಾರಿಸಿಟಿನಿಬ್ ಮಾತ್ರೆ ಜೀವ ಉಳಿಸಿತು. ಇದು ಹೆಚ್ಚು ಕಡಿಮೆ ವೈರಸ್ ಮಾಡುವ ಕೆಲಸವನ್ನೇ ನಾವು ಮಾಡಿದಂತೆ. ಮೊದಲ ವಾರ ವಿಷ, ಎರಡನೆಯ ವಾರ ಮದ್ದು.

ವೈರಸ್‌ನಿಂದ ಕ್ಯಾನ್ಸರ್ ಬರುವುದೂ ಸಿಗ್ನಲಿಂಗ್ ಕೆಡಿಸಿಯೇ?

ಹೌದು. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ. ಗರ್ಭಕಂಠದ ಕ್ಯಾನ್ಸರಿಗೂ ಈ ವೈರಸ್ಸಿಗೂ ನಂಟಿದೆ ಎಂದು ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ತಂಡ 1983-84ರಲ್ಲಿ ತೋರಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. 16 ಮತ್ತು 18ನೆಯ ಬಗೆಗಳೇ ಈ ಕ್ಯಾನ್ಸರಿನ ಸುಮಾರು ಶೇಕಡ 70ಕ್ಕೆ ಕಾರಣ.

ಎಚ್‌ಪಿವಿ ಹತ್ತಿರ ಡಿಎನ್‌ಎ ನಕಲು ಮಾಡುವ ಸ್ವಂತ ಯಂತ್ರವಿಲ್ಲ. ನಮ್ಮ ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಅದರ ಜೊತೆಗೇ ತನ್ನದನ್ನೂ ಮಾಡಿಸಿಕೊಳ್ಳಬೇಕು. ಆದರೆ ಅದು ಬೆಳೆಯುವ ಪದರದ ಕೋಶಗಳು ವಿಭಜನೆ ನಿಲ್ಲಿಸಿ ಸುಮ್ಮನಾದವು. ಅಂಗಡಿ ಬಾಗಿಲು ಹಾಕಿದ ಮೇಲೆ ಬಂದ ಗಿರಾಕಿಯ ಪಾಡು. ಆಗ ಇ7 ಎಂಬ ಪ್ರೋಟೀನ್, ನೂರು ಅಮೈನೋ ಆಮ್ಲವೂ ಇಲ್ಲದ ಚೋಟುದ್ದದ್ದು, ವಿಭಜನೆಗೆ ಬ್ರೇಕ್ ಹಾಕಿ ಕೂತಿರುವ ಆರ್‌ಬಿ ಎಂಬ ಪ್ರೋಟೀನನ್ನು ಹಿಡಿದು ಪಕ್ಕಕ್ಕೆ ಸರಿಸುತ್ತದೆ. ಅಂಗಡಿ ತೆರೆಯುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ತೆರೆದದ್ದನ್ನು ನೋಡಿ ಕಾವಲಿನ ಪಿ53 ಕೋಶವನ್ನೇ ಸಾಯಿಸಲು ಹೊರಡುತ್ತದೆ. ಅದನ್ನು ಇ6 ನೋಡಿಕೊಳ್ಳುತ್ತದೆ: ಇ6ಎಪಿ ಎಂಬ ನಮ್ಮದೇ ಪ್ರೋಟೀನನ್ನು ಕರೆತಂದು ಪಿ53ಗೆ ಯುಬಿಕ್ವಿಟಿನ್ ಚೀಟಿ ಅಂಟಿಸುತ್ತದೆ. ಮತ್ತೆ ಅದೇ ಕಸದ ಗಾಡಿ. ಡೆಂಗ್ಯೂಗೂ ಎಚ್‌ಪಿವಿಗೂ ಯಾವ ನೆಂಟಸ್ತಿಕೆಯೂ ಇಲ್ಲ, ಉಪಾಯ ಮಾತ್ರ ಒಂದೇ.

ಕ್ಯಾನ್ಸರ್ ವೈರಸ್ಸಿನ ಉದ್ದೇಶವಲ್ಲ. ಕ್ಯಾನ್ಸರ್ ಕೋಶದಿಂದ ಹೊಸ ವೈರಸ್‌ಗಳು ಹೊರಬರುವುದಿಲ್ಲ, ಅದಕ್ಕೂ ಅದು ಮುಚ್ಚಿದ ದಾರಿ. ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ಸೋಂಕನ್ನು ತಾನೇ ತೊಡೆದುಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ ಇ6, ಇ7 ವರ್ಷಗಟ್ಟಲೆ ದುಡಿದು, ಕಾವಲಿಲ್ಲದ ಕೋಶಗಳಲ್ಲಿ ತಪ್ಪುಗಳು ಗುಡ್ಡೆಬೀಳುತ್ತವೆ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರಿಂದ, ಅವರ ಒಪ್ಪಿಗೆ ಕೇಳದೆ, ತೆಗೆದ ಹೀಲಾ ಕೋಶಗಳಲ್ಲಿ ಇರುವುದು ಎಚ್‌ಪಿವಿ 18. ಜಗತ್ತಿನ ಲ್ಯಾಬುಗಳಲ್ಲಿ ಇವತ್ತಿಗೂ ಅವು ಬೆಳೆಯುತ್ತಿವೆ. ಅವುಗಳಲ್ಲಿ ಇ6, ಇ7ನ್ನು ಮಾತ್ರ ಸುಮ್ಮನಾಗಿಸಿದರೆ ಪಿ53 ಮರಳುತ್ತದೆ, ಕೋಶಗಳು ಬೆಳವಣಿಗೆ ನಿಲ್ಲಿಸುತ್ತವೆ. ದಶಕಗಳ ನಂತರವೂ ಕಾವಲುಗಾರ ಒಳಗೇ ಇದ್ದ, ಪ್ರತಿದಿನ ಹುಟ್ಟುತ್ತ, ಪ್ರತಿದಿನ ಕಸಕ್ಕೆ ಹೋಗುತ್ತ.

ಎಚ್‌ಪಿವಿ ಲಸಿಕೆಯಲ್ಲಿ ಈ ಇ6, ಇ7 ಇರುತ್ತವೆಯೇ? ಅಪಾಯವಲ್ಲವೇ?

ಇರುವುದಿಲ್ಲ. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚದ ಎಲ್1 ಪ್ರೋಟೀನ್ ಮಾತ್ರ, ಒಳಗೆ ಡಿಎನ್‌ಎ ಇಲ್ಲದ ಖಾಲಿ ಚಿಪ್ಪು. ಭಾರತದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಮಗಳಿಗೆ ಹಾಕಿಸಿ.

ವೈರಸ್ಸಿಗೆ ಇಷ್ಟೆಲ್ಲ ಬುದ್ಧಿ ಎಲ್ಲಿಂದ ಬಂತು?

ಬುದ್ಧಿ ಇಲ್ಲ. ನಾನು "ಕರೆತರುತ್ತದೆ", "ನೋಡಿಕೊಳ್ಳುತ್ತದೆ" ಎಂದೆಲ್ಲ ಬರೆದದ್ದು ಹೇಳುವ ಅನುಕೂಲಕ್ಕೆ. ಕೋಟಿಗಟ್ಟಲೆ ನಕಲುಗಳಲ್ಲಿ ತಪ್ಪುಗಳಾಗುತ್ತವೆ, ಯಾವುದೋ ತಪ್ಪಿನಿಂದ ಪ್ರೋಟೀನ್ ಸ್ಟ್ಯಾಟ್‌ಗೆ ಸ್ವಲ್ಪ ಅಂಟಿಕೊಂಡರೆ ಆ ನಕಲಿನ ಸಂತಾನ ಹೆಚ್ಚುತ್ತದೆ. ಇ7 ಆರ್‌ಬಿಯನ್ನು ಹಿಡಿಯುವ ತುಣುಕು ಎಲ್ಲಿಗೆ ಹೋದರೂ ಒಂದೇ: ಅಡೆನೋವೈರಸ್ಸಿನಲ್ಲೂ ಅದೇ, ಮಂಗಗಳ ಎಸ್‌ವಿ40 ವೈರಸ್ಸಿನಲ್ಲೂ ಅದೇ. ಬೀಗ ಒಂದೇ ಆದ್ದರಿಂದ ಬೇರೆ ಬೇರೆ ಕಳ್ಳರ ಕೀಲಿಗಳೂ ಒಂದೇ ಥರ ಸವೆದಿವೆ.

ಇದನ್ನೆಲ್ಲ ತಿಳಿದು ಏನು ಲಾಭ?

ಲಾಭ ಅಂದುಕೊಂಡ ಕಡೆಯಿಂದ ಬರಲಿಲ್ಲ. ನಮ್ಮ ಕೋಶದ ವೈರಿಂಗ್ ಹೇಗಿದೆ ಎಂದು ನಮಗೆ ತೋರಿಸಿದ್ದೇ ವೈರಸ್‌ಗಳು. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯಿಂದ ವೈರಸ್ ತೆಗೆದರು. ಅದರ ಕ್ಯಾನ್ಸರ್ ಜೀನ್ ಆದ ಸಾರ್ಕ್, ವೈರಸ್ಸಿನದಲ್ಲ, ಕೋಳಿಯಿಂದಲೇ ಕದ್ದದ್ದು ಎಂದು ಬಿಷಪ್ ಮತ್ತು ವಾರ್ಮಸ್ 1976ರಲ್ಲಿ ತೋರಿಸಿದರು. ಪಿ53 ಸಿಕ್ಕಿದ್ದು 1979ರಲ್ಲಿ, ಎಸ್‌ವಿ40ರ ಪ್ರೋಟೀನಿಗೆ ಅಂಟಿಕೊಂಡು ಬಂದಾಗ. ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳಿವೆ ಎಂದು ತಿಳಿದದ್ದೂ ಗಡ್ಡೆ ತರುವ ವೈರಸ್‌ಗಳ ಬೆನ್ನು ಹತ್ತಿ ಹೋದಾಗಲೇ. ಆ ದಾರಿಯಲ್ಲೇ ಮುಂದೆ ಹೋಗಿ 2001ರಲ್ಲಿ ರಕ್ತದ ಕ್ಯಾನ್ಸರಿಗೆ ಇಮಾಟಿನಿಬ್ ಮಾತ್ರೆ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿದ್ದರಿಂದ ನಮ್ಮಲ್ಲಿ ಅಗ್ಗದ ದರಕ್ಕೆ ಸಿಗುತ್ತಿರುವುದು ಅದೇ ಮಾತ್ರೆ.

"ನಮ್ಮ ಗಿಡಮೂಲಿಕೆಯ ಅಂಶ ವೈರಸ್ ಪ್ರೋಟೀನನ್ನು ಕಟ್ಟಿಹಾಕುತ್ತದೆ, ಸಂಶೋಧನೆಯಿಂದ ಸಾಬೀತು" ಎಂಬ ಸುದ್ದಿ ನಂಬಬಹುದೇ?

ಇಂಥದ್ದು ತಿಂಗಳಿಗೊಮ್ಮೆಯಾದರೂ ವಾಟ್ಸಾಪಿನಲ್ಲಿ ಬರುತ್ತದೆ. ಮೂಲ ಪೇಪರ್ ತೆಗೆದು ನೋಡಿದರೆ ಹೆಚ್ಚಿನವು ಡಾಕಿಂಗ್: ಕಂಪ್ಯೂಟರಿನಲ್ಲಿ ಪ್ರೋಟೀನಿನ ಚಿತ್ರದ ಗುಳಿಯೊಳಗೆ ಅಣುವಿನ ಚಿತ್ರವನ್ನು ಕೂರಿಸಿ ಅಂಕ ಕೊಡುವುದು. ಹುಡುಕಾಟ ಶುರುಮಾಡಲು ಒಳ್ಳೆಯ ಸಾಧನ, ನಾನೂ ಬಳಸಿದ್ದೇನೆ. ಆದರೆ ಅದು ಜಾತಕ ಕೂಡಿತು ಎಂದಷ್ಟೇ ಅರ್ಥ. ಮದುವೆಯಾಗಿಲ್ಲ, ಸಂಸಾರದ ಮಾತು ದೂರವೇ ಉಳಿಯಿತು. ಅಣು ಕೋಶದೊಳಗೆ ಹೋಗಬೇಕು, ಅಲ್ಲಿ ಪ್ರೋಟೀನನ್ನು ನಿಜಕ್ಕೂ ಹಿಡಿಯಬೇಕು, ವೈರಸ್ ಕಡಿಮೆಯಾಗಬೇಕು, ಪ್ರಾಣಿಯಲ್ಲಿ, ಆಮೇಲೆ ಮನುಷ್ಯರಲ್ಲಿ. ಒಮ್ಮೆ ನನ್ನದೇ ವಿದ್ಯಾರ್ಥಿಯೊಬ್ಬ ಒಂದು ಕಷಾಯದ ಅಂಶಕ್ಕೆ ಭಾರೀ ಅಂಕ ಬಂತೆಂದು ಕುಣಿದಾಡುತ್ತ ಬಂದ. ಅದೇ ಗುಳಿಗೆ ಕಾಫಿಯ ಕೆಫೀನ್ ಕೂರಿಸಿ ನೋಡು ಎಂದೆ. ಅದಕ್ಕೂ ಅಂಕ ಬಂತು.

ಕೊನೆಗೆ, ಮಂಗನ ಕಾಯಿಲೆಗೆ ಔಷಧಿ ಇದೆಯೇ?

ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ಕೊಡುವುದು ನೀರಿನಂಶ, ಜ್ವರ-ನೋವಿನ ಉಪಚಾರ, ರಕ್ತಸ್ರಾವದ ಮೇಲೆ ಕಣ್ಣು. ನೂರಕ್ಕೆ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ಬೇಗ ಬಂದವರಿಗೆ ಬದುಕುವ ಅವಕಾಶ ಹೆಚ್ಚು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಆಗ ತಲೆನೋವು, ಗೊಂದಲ, ಕೈನಡುಕ ಕಂಡರೆ ತಡಮಾಡಬೇಡಿ.

ಸಂಶೋಧನೆ ನಿಧಾನವಾಗಲು ಒಂದು ಕಾರಣ, ಜೀವಂತ ವೈರಸ್ ಇಟ್ಟುಕೊಳ್ಳಲು ಬಿಗಿ ಸುರಕ್ಷತೆಯ ಲ್ಯಾಬು ಬೇಕು, ಅವು ದೇಶದಲ್ಲಿ ಬೆರಳೆಣಿಕೆಯಷ್ಟು. ಆದರೆ ಎನ್‌ಎಸ್5ರ ಜೀನ್ ಒಂದನ್ನೇ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಗೆ ಸೇರಿಸಿ ಕೋಶಕ್ಕೆ ಹಾಕಿದರೆ ಅದರಿಂದ ಯಾರಿಗೂ ಸೋಂಕು ತಗಲುವುದಿಲ್ಲ, ಸಾಧಾರಣ ಸೌಕರ್ಯದ ಲ್ಯಾಬಿನಲ್ಲೂ ಸ್ಟ್ಯಾಟ್‌ಗೆ ಏನಾಗುತ್ತದೆಂದು ನೋಡಬಹುದು. ಎಂಎಸ್ಸಿ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ಗಮನಿಸಲಿ.

ಊರಿನಲ್ಲಿರುವವರಿಗೆ ಬೇರೆ ಮಾತು. ಡಿಸೆಂಬರಿನಿಂದ ಮೇ ತನಕ ದರಗು ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕಾಲಿನ ಸಂದಿ, ಸೊಂಟ, ಕಂಕುಳು ನೋಡಿಕೊಳ್ಳಿ, ಮರಿ ಉಣುಗು ಎಳ್ಳಿಗಿಂತ ಸಣ್ಣದಿರುತ್ತದೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ.